ಜಯನಗರದ ಮರಗಳ ವೆಬ್‌ಸೈಟ್: ದುಡ್ಡಿಲ್ಲದೆ ಎಲ್ಲಿ ಹಾಕಲಿ?

ಹೊಂಗೆನೆರಳು:
ನಮಸ್ಕಾರ. ನಮ್ಮ ಮನೆ ಜಯನಗರ 4ನೇ ಬ್ಲಾಕ್ ಹತ್ತಿರ. ಎರಡು ವರ್ಷದಿಂದ ವಾಕಿಂಗ್ ಹೋದಾಗಲೆಲ್ಲ ಹೊಂಗೆ, ಆಕಾಶಮಲ್ಲಿಗೆ, ಮೇ ಫ್ಲವರ್ ಅಂತ ಕಂಡ ಮರಗಳ ಫೋಟೋ ತೆಗೆದು, ಹೂ ಬಿಡುವ ತಿಂಗಳು ಬರೆದಿಟ್ಟಿದ್ದೇನೆ. ಅದರಲ್ಲಿ ಎರಡು ಮರ ಮಳೆಗೆ ಉರುಳಿಬಿದ್ದವು, ಈಗ ಫೋಟೋ ಮಾತ್ರ ಇದೆ. ಅದಕ್ಕೇ ಒಂದು ವೆಬ್‌ಸೈಟ್ ಮಾಡಿದೆ. ಬರೀ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಕೋಡ್), ಲಾಗಿನ್ ಏನೂ ಇಲ್ಲ. ಮೊದಲು ಒಂದು ಉಚಿತ ಜಾಗದಲ್ಲಿ ಹಾಕಿದ್ದೆ. ಪುಟದ ತುಂಬ ಜಾಹೀರಾತು ಬಂತು, ಆಮೇಲೆ ಒಂದು ದಿನ ಸೈಟೇ ಮಾಯ. ತುಂಬಾ ಬೇಜಾರಾಯಿತು. ಗಿಟ್‌ಹಬ್ ಪೇಜಸ್ (ವೆಬ್‌ಸೈಟ್ ಇಡಲು ಗಿಟ್‌ಹಬ್ ತಾಣ ಉಚಿತವಾಗಿ ಕೊಡುವ ಜಾಗ) ಆಗುತ್ತದಾ? ಫೋಟೋಗಳೇ 1.5 ಜಿಬಿ ಇವೆ.

ಕೋಡುಬಳೆ:
ಧಾರಾಳವಾಗಿ ಆಗುತ್ತದೆ, ಜಾಹೀರಾತೂ ಬರುವುದಿಲ್ಲ. ಉಚಿತ ಖಾತೆಯಲ್ಲಿ ರೆಪೊಸಿಟರಿ (ಸೈಟಿನ ಫೈಲುಗಳನ್ನು ಇಡುವ ಫೋಲ್ಡರ್) ಪಬ್ಲಿಕ್ ಆಗಿರಬೇಕು, ಮೊದಲ ಪುಟಕ್ಕೆ ಇಂಡೆಕ್ಸ್.ಎಚ್‌ಟಿಎಂಎಲ್ ಅಂತಲೇ ಹೆಸರಿಡಿ. ಆದರೆ ಸೈಟ್ 1 ಜಿಬಿ ದಾಟಬಾರದು. ಫೋಟೋಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಫೋನಿನಲ್ಲೂ ಬೇಗ ತೆರೆಯುತ್ತವೆ. ಇದನ್ನು ಹಾಕುವ ಮೊದಲೇ ಮಾಡಿ, ಯಾಕೆಂದರೆ ಗಿಟ್‌ನಲ್ಲಿ (ಗಿಟ್‌ಹಬ್ ಫೈಲುಗಳನ್ನು ಇಡುವ ವ್ಯವಸ್ಥೆ) ಒಮ್ಮೆ ಸೇರಿದ ಫೈಲನ್ನು ಆಮೇಲೆ ಅಳಿಸಿದರೂ ಹಳೆಯ ಕಾಪಿ ಒಳಗೆ ಉಳಿದಿರುತ್ತದೆ. ಇನ್ನೊಂದು ಮಾತು, ಫೋನಿನಲ್ಲಿ ತೆಗೆದ ಫೋಟೋದೊಳಗೆ ಲೊಕೇಶನ್ ಸೇರಿಕೊಂಡಿರಬಹುದು. ಮನೆ ಗೇಟಿನ ಮುಂದೆ ತೆಗೆದಿದ್ದರೆ ಆ ಲೊಕೇಶನ್ ತೆಗೆದುಹಾಕಿ.

ಹೊಂಗೆನೆರಳು:
ಹಾಕಿದೆ, ಪುಟ ಬಂತು! ಆದರೆ ಅರ್ಧ ಫೋಟೋ ಕಾಣುತ್ತಿಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇದೆ. ನುಡಿ ತಂತ್ರಾಂಶದಲ್ಲಿ ಹಿಂದೆ ಟೈಪ್ ಮಾಡಿದ್ದ ಟಿಪ್ಪಣಿಗಳೂ ಏನೇನೋ ಇಂಗ್ಲಿಷ್ ಅಕ್ಷರಗಳಾಗಿವೆ.

ಮಲ್ಲೇಶ್ವರದವ:
ಫೈಲ್ ಹೆಸರು ನೋಡಿ. ಕ್ಯಾಮೆರಾ ಕೊನೆಯ ಜೆಪಿಜಿಯನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತದೆ, ನೀವು ಕೋಡಿನಲ್ಲಿ ಚಿಕ್ಕಕ್ಷರದಲ್ಲಿ ಬರೆದಿರುತ್ತೀರಿ. ವಿಂಡೋಸ್ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ, ಗಿಟ್‌ಹಬ್‌ನಲ್ಲಿ ಎರಡೂ ಬೇರೆ ಬೇರೆ. ನಾನು ಇದೊಂದಕ್ಕೇ ಒಂದು ಇಡೀ ಭಾನುವಾರ ಕಳೆದಿದ್ದೇನೆ. ಆಮೇಲೆ ಫೋಟೋದ ದಾರಿ ಸ್ಲ್ಯಾಶ್‌ನಿಂದ ಶುರುವಾಗಿದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಸೈಟಿನ ಫೋಲ್ಡರ್ ಬಿಟ್ಟು ಹೊರಗೆ ಹುಡುಕುತ್ತದೆ. ನುಡಿಯ ಹಳೇ ಫಾಂಟಿನ ಬರಹ ಯೂನಿಕೋಡ್ (ಎಲ್ಲ ಕಡೆ ಒಂದೇ ಥರ ಕಾಣುವ ಅಕ್ಷರ ಸಂಕೇತ) ಅಲ್ಲ, ಪರಿವರ್ತಕದಲ್ಲಿ ಹಾಕಿ ಬದಲಾಯಿಸಿ. ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ. ಬ್ರೌಸರ್ ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ಓದಲು, ಪುಟದ ಕೋಡಿನ ತಲೆಯಲ್ಲಿ ಯುಟಿಎಫ್-8 ಅಂತ ಬರೆದಿರಲಿ.

ಹೊಂಗೆನೆರಳು:
ಹೆಸರಿನದೇ ತೊಂದರೆ! ಈಗ ಎಲ್ಲ ಫೋಟೋ ಬಂದವು, ಬಿದ್ದುಹೋದ ಎರಡು ಮರವೂ. ಅಮ್ಮ ಫೋನಿನಲ್ಲಿ ತೆರೆದು, ಆಕಾಶಮಲ್ಲಿಗೆಯ ಅಕ್ಷರ ಸ್ವಲ್ಪ ದೊಡ್ಡದು ಮಾಡು ಅಂದರು. ಅದನ್ನೇ ಮಾಡುತ್ತಿದ್ದೇನೆ.