ಗುಟ್ಟಿನ ಹೆಸರಿಗೆ ಕನ್ನಡದಲ್ಲಿ ಏನನ್ನುತ್ತೀರಿ?

ಬಲ್ಲವರೆಲ್ಲರಿಗೂ ನಮಸ್ಕಾರ.

ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್ (1929–2018) ಅವರ ಬಗ್ಗೆ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಕೈ ನಿಂತಿದೆ. ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968) ಕಾದಂಬರಿಯ ಲೋಕದಲ್ಲಿ ‘ಯೂಸ್ ನೇಮ್’ ಎಂದರೆ ಊರೆಲ್ಲ ಕರೆಯುವ ಹೆಸರು. ‘ಟ್ರೂ ನೇಮ್’ ತೀರಾ ನಂಬಿದವರಿಗಷ್ಟೇ ಗೊತ್ತಿರುವ ಹೆಸರು. ಅದು ಬೇರೆಯವರಿಗೆ ತಿಳಿದರೆ ಜುಟ್ಟು ಅವರ ಕೈಗೆ ಕೊಟ್ಟ ಹಾಗೆ.

ಮೊದಲು ‘ನಿಜನಾಮ’ ಎಂದು ಬರೆದೆ. ಓದಿ ನೋಡಿದರೆ ಸರಿಬರಲಿಲ್ಲ. ನಮ್ಮಲ್ಲಿ ನಿಜನಾಮ ಎಂದರೆ ಕಾವ್ಯನಾಮದ ಎದುರಿನದು, ಶಾಲೆಯ ದಾಖಲಾತಿಯಲ್ಲಿರುವ ಹೆಸರು. ನನಗೆ ಬೇಕಾದದ್ದು ಯಾವ ದಾಖಲೆಗೂ ಸಿಗದ ಹೆಸರು. ‘ಅಂಕಿತನಾಮ’ದಲ್ಲಿ ಗುರು ಕೊಟ್ಟದ್ದು ಎಂಬ ಭಾವ ಚೆನ್ನಾಗಿದೆ, ಆದರೆ ದಾಸರು ಅದನ್ನು ಹಾಡಿನ ಕೊನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಾರೆ.

ಕಾದಂಬರಿಯ ಹುಡುಗನಿಗೆ ತಾಯಿ ಇಟ್ಟ ಹೆಸರು ಡ್ಯೂನಿ. ಹದಿಮೂರು ತುಂಬಿದ ದಿನ ಅದನ್ನು ಅವನಿಂದ ತೆಗೆಯುತ್ತಾರೆ. ಹೆಸರಿಲ್ಲದ ಹುಡುಗ ಕೊರೆಯುವ ನೀರು ದಾಟಿ ಆಚೆ ದಡಕ್ಕೆ ಬರುತ್ತಾನೆ. ಅಲ್ಲಿ ಕಾದಿದ್ದ ಮಾಂತ್ರಿಕ ಓಜಿಯನ್ ಅವನ ತೋಳು ಹಿಡಿದು ಪಿಸುಗುಡುತ್ತಾನೆ: ಗೆಡ್. ಮುಂದೆ ಒಬ್ಬ ಗೆಳೆಯ ತನ್ನ ಗುಟ್ಟಿನ ಹೆಸರನ್ನು ಇವನಿಗೆ ತಾನಾಗಿಯೇ ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ನನ್ನ ಕಣ್ಣು ತುಂಬಿದ್ದು ಅಲ್ಲೇ.

ಇದನ್ನು ಓದುವಾಗ ನಮ್ಮ ಮನೆಯ ನಾಮಕರಣ ನೆನಪಾಯಿತು. ತಟ್ಟೆಯಲ್ಲಿ ಹರಡಿದ ಅಕ್ಕಿ, ಅದರ ಮೇಲೆ ಉಂಗುರದಲ್ಲಿ ಬರೆದ ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ. ಆಮೇಲೆ ಮಗುವಿನ ಕಿವಿಯಲ್ಲಿ ಉಸುರುವುದು. ಉಪನಯನದವರೆಗೆ ತಂದೆತಾಯಿಗೆ ಮಾತ್ರ ತಿಳಿದಿರಬೇಕಾದ ಒಂದು ಹೆಸರಿನ ಮಾತು ಆಶ್ವಲಾಯನ ಗೃಹ್ಯಸೂತ್ರದಲ್ಲಿದೆ. ಹಾಗಾಗಿ ‘ಯೂಸ್ ನೇಮ್’ಗೆ ‘ವ್ಯವಹಾರನಾಮ’ ಅಚ್ಚುಕಟ್ಟಾಗಿ ಹೊಂದುತ್ತದೆ. ಆಡುಮಾತಿಗೆ ‘ಕರೆಯೋ ಹೆಸರು’ ಸಾಕು. ಇನ್ನೊಂದಕ್ಕೆ ‘ನಕ್ಷತ್ರನಾಮ’ ಎನ್ನೋಣವೆಂದರೆ ಜಾತಕದ ವಾಸನೆ ಬರುತ್ತದೆ, ಆ ಲೋಕದಲ್ಲಿ ಜಾತಕವಿಲ್ಲ.

ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಲೆ ಗ್ವಿನ್ ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞ. ‘ಕೆ’ ಎಂದರೆ ಆ ಕ್ರೋಬರ್. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ಯಾಹಿ ಬುಡಕಟ್ಟಿನ ಕೊನೆಯ ಮನುಷ್ಯನನ್ನು ‘ಇಶಿ’ ಎಂದು ಕರೆದವರು ಅವರೇ. ಇಶಿ ಎಂದರೆ ಆ ಜನರ ಭಾಷೆಯಲ್ಲಿ ‘ಮನುಷ್ಯ’, ಅಷ್ಟೇ. ತನ್ನ ಹೆಸರನ್ನು ತಾನೇ ಹೇಳಬಾರದು ಎಂಬುದು ಅವರ ರೂಢಿ, ಹೇಳಲು ತನ್ನವರು ಯಾರೂ ಉಳಿದಿರಲಿಲ್ಲ. 1916ರಲ್ಲಿ ತೀರಿಕೊಂಡಾಗ ಹೆಸರೂ ಅವನ ಜೊತೆಗೇ ಹೋಯಿತು. ಇಶಿಯ ಕಥೆಯನ್ನು 1961ರಲ್ಲಿ ಪುಸ್ತಕ ಮಾಡಿದವರು ಅರ್ಸುಲಾ ಅವರ ತಾಯಿ ಥಿಯೋಡೋರಾ. ಅರ್ಥ್‌ಸೀಯ ಹೆಸರುಗಳನ್ನು ಇಶಿಯನ್ನು ಬಿಟ್ಟು ಓದಲು ನನಗಂತೂ ಆಗುವುದಿಲ್ಲ.

ಹೆಸರಿನ ಈ ಎಳೆ ಅರ್ಸುಲಾ ಅವರ ವೃತ್ತಿಯುದ್ದಕ್ಕೂ ಇದೆ. 1969ರಲ್ಲಿ ‘ಪ್ಲೇಬಾಯ್’ ಪತ್ರಿಕೆ ಅವರ ಕಥೆಯನ್ನು ಹೆಣ್ಣಿನ ಹೆಸರು ಕಾಣದಂತೆ ‘ಯು. ಕೆ. ಲೆ ಗ್ವಿನ್’ ಎಂದು ಅಚ್ಚುಹಾಕಿತು. 1985ರ ‘ಷಿ ಅನ್‌ನೇಮ್ಸ್ ದೆಮ್’ ಕಥೆಯಲ್ಲಿ ಪ್ರಾಣಿಗಳು ಮನುಷ್ಯ ಇಟ್ಟ ಹೆಸರುಗಳನ್ನು ಬಿಟ್ಟುಕೊಡುತ್ತವೆ. ಈ ‘ಅನ್‌ನೇಮ್’ಗೆ ‘ಹೆಸರು ಕಳಚು’ ಎಂದು ಹಾಕಿದ್ದೇನೆ, ಒಪ್ಪುತ್ತದೆಯೇ ನೋಡಿ.

‘ಟ್ರೂ ನೇಮ್’ಗೆ ಸದ್ಯ ನನ್ನ ಕರಡಿನಲ್ಲಿ ‘ಒಳಹೆಸರು’ ಎಂದಿದೆ. ಒಳಮನೆ, ಒಳಗುಟ್ಟು ಇರುವಾಗ ಒಳಹೆಸರೂ ಕಿವಿಗೆ ಒಗ್ಗುತ್ತದೆ ಎಂದುಕೊಂಡಿದ್ದೇನೆ. ಆದರೆ ಇದು ನಾನು ಕಟ್ಟಿದ ಪದ. ನಿಮ್ಮ ಕಡೆ, ಕರಾವಳಿಯಲ್ಲಾಗಲಿ ಬಯಲುಸೀಮೆಯಲ್ಲಾಗಲಿ, ಹೊರಗೆ ಹೇಳಬಾರದ ಹೆಸರಿಗೆ ಹಿರಿಯರು ಆಡುವ ಮಾತು ಇದ್ದರೆ ದಯವಿಟ್ಟು ತಿಳಿಸಿ. ಬಳಸುವ ವಾಕ್ಯದ ಸಮೇತ ಬರೆದರೆ ಇನ್ನೂ ಉಪಕಾರ.