ಅಜ್ಜ ಹಾಕುತ್ತಿದ್ದ ಕೊರಗ ವೇಷ ಮೊಮ್ಮಗಳಿಗೂ ಬೇಕಾ?

ಗುಬ್ಬಿಗೂಡು, ಉಡುಪಿ:
ಇದು ನಮ್ಮ ಮನೆಯ ವಿಷಯ. ಮಗಳಿಗೆ ಎಂಟು ವರ್ಷ. ಹೋದ ವರ್ಷ ಅವಳಿಗೆ ಡೆಂಗಿ ಬಂದಾಗ, ಗುಣವಾದರೆ ಅಷ್ಟಮಿಗೆ ವೇಷ ಹಾಕಿಸುತ್ತೇನೆ ಅಂತ ಅತ್ತೆ ಹರಕೆ ಹೇಳಿಕೊಂಡಿದ್ದರು. ಮಾವ ಬದುಕಿದ್ದಾಗ ಅಷ್ಟಮಿಯ ಮರುದಿನ, ವಿಟ್ಲಪಿಂಡಿ ದಿನ, ಕೃಷ್ಣಮಠದ ರಥಬೀದಿಯಲ್ಲಿ ಕೊರಗ ವೇಷ, ಅಂದರೆ ನಮ್ಮ ಕರಾವಳಿಯ ಕೊರಗ ಬುಡಕಟ್ಟಿನವರ ಹಾಗೆ ವೇಷ, ಹಾಕುತ್ತಿದ್ದರಂತೆ. ಮೈಗೆಲ್ಲ ಮಸಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಸೊಂಟಕ್ಕೆ ಸೊಪ್ಪು. ಅದೇ ವೇಷ ಮೊಮ್ಮಗಳಿಗೂ ಆಗಬೇಕು ಅಂತ ಅತ್ತೆಯ ಆಸೆ. ಊಟಕ್ಕೆ ಕೂತಾಗ ಈ ಮಾತು ಬಂತು. ನಾದಿನಿ ನಗುತ್ತಾ, "ಇವಳಿಗಾದ್ರೆ ಮಸಿಯ ಖರ್ಚು ಉಳೀತು" ಅಂದಳು. ಎಲ್ಲರೂ ನಕ್ಕರು. ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ಸಂಜೆ ಬಚ್ಚಲಲ್ಲಿ ನೀರಿನ ಸದ್ದು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಮಗಳು ಪೀರೆಕಾಯಿ ನಾರಿನಿಂದ ಮೊಣಕೈ ತಿಕ್ಕುತ್ತಾ ಇದ್ದಳು. ಚರ್ಮ ಸುಲಿದು ಕೆಂಪಾಗಿತ್ತು. ಆಮೇಲೆ ಕೇಳಿದಳು: "ಅಮ್ಮಾ, ನನ್ನ ಕ್ಲಾಸಲ್ಲಿ ಕೊರಗರ ಹುಡುಗಿ ಇದ್ದಾಳಲ್ವಾ? ಅವಳು ಯೂನಿಫಾರ್ಮ್ ಹಾಕ್ತಾಳೆ. ಅವಳ ವೇಷ ಅಂದ್ರೆ ನಾನೂ ಯೂನಿಫಾರ್ಮ್ ಹಾಕ್ಬೇಕಲ್ವಾ? ಸೊಪ್ಪು ಯಾಕೆ?"

ಅತ್ತೆಗೆ ಏನು ಹೇಳಲಿ?

ರಥಬೀದಿ ಹಳಬ:
ನಿಮ್ಮ ನಾದಿನಿ ಆಡಿದ್ದು ತಪ್ಪು ತಂಗೀ. ಆದರೆ ಅದನ್ನೂ ವೇಷವನ್ನೂ ಒಂದೇ ಮಾಡಬೇಡಿ. ವೇಷ ಹಾಕುವವರು ಉಪವಾಸ ಇದ್ದು, ಕೃಷ್ಣನಿಗೆ ಕೈಮುಗಿದು ಹೊರಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರನ್ನೂ ಹಂಗಿಸುವುದು ಅವರ ಮನಸ್ಸಲ್ಲಿ ಇರಲಿಲ್ಲ. ಕೊರಗರಲ್ಲೇ ಹುಟ್ಟಿದ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಇಟ್ಟು ಬೇಡಿಕೊಳ್ಳುವ ಊರು ನಮ್ಮದು. ನಾವು ಕೊರಗರನ್ನು ಕೀಳಾಗಿ ಕಾಣ್ತೇವಾ?

ವಕೀಲೆ, ಮಂಗಳೂರು:
ಕಂಡಿದ್ದೇವೆ ಸರ್. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಅವರ ಕೂದಲು, ಉಗುರು ಅನ್ನಕ್ಕೆ ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಕಾಯಿಲೆ ಅವರಿಗೆ ದಾಟಲಿ ಅಂತ. ಇಂಥದ್ದಕ್ಕೆಲ್ಲ ಅಜಲು ಅನ್ನುತ್ತಿದ್ದರು. ಅದನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಕೊರಗ ವೇಷ ಹಾಕಬಾರದು ಅಂತ ಜಿಲ್ಲಾಡಳಿತವೂ ಹೇಳಿದೆ. ಅತ್ತೆಗೆ ನೇರವಾಗಿ ಹೇಳಿ ಅಕ್ಕ, ಕೇಸ್ ಆಗ್ತದೆ ಅಂತ.

ಬುಟ್ಟಿಮನೆ:
ನಾನು ಕೊರಗ. ಕೇಸಿನ ಹೆದರಿಕೆಯಿಂದ ಬಿಟ್ಟರೆ ಆ ಮಗುವಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಮೇಡಂ.

ನನಗೂ ಆಗ ಅಷ್ಟೇ ವಯಸ್ಸು. ಮಾರ್ನೆಮಿ, ಅಂದರೆ ನವರಾತ್ರಿ ಸಮಯದಲ್ಲಿ ಅಪ್ಪನ ಜೊತೆ ಪೇಟೆಗೆ ಬುಟ್ಟಿ ಮಾರಲು ಹೋಗಿದ್ದೆ. ಎದುರಿಂದ ಕೊರಗ ವೇಷದವರು ಬಂದರು. ಬಾಯಿಗೆ ಬಂದದ್ದನ್ನು ಕಿರುಚಿ ಅದೇ ನಮ್ಮ ಭಾಷೆ ಅಂತ ತೋರಿಸುತ್ತಿದ್ದರು. ನಮ್ಮ ಭಾಷೆ ಹಾಗಿಲ್ಲ. ಅದರಲ್ಲೇ ಅಮ್ಮ ನನ್ನನ್ನು ಮಲಗಿಸುತ್ತಿದ್ದಳು. ಒಬ್ಬ ಅಂಗಡಿಯವನು ನಮ್ಮನ್ನು ತೋರಿಸಿ, "ಇಲ್ಲಿ ಅಸಲಿ ಇದ್ದಾರೆ ನೋಡಿ" ಅಂದ. ವೇಷದವರಿಗೆ ದುಡ್ಡು ಕೊಟ್ಟ. ಅಪ್ಪ ತಲೆಯ ಮೇಲಿನ ಬುಟ್ಟಿಗಳನ್ನು ಇಳಿಸಲೇ ಇಲ್ಲ. ಒಂದೂ ಮಾರದೆ ನಡೆದೇ ಮನೆಗೆ ಬಂದೆವು. ದಾರಿಯಲ್ಲಿ ಅಪ್ಪ ಮಾತಾಡಲಿಲ್ಲ.

ಹಿರಿಯರೇ, ಕೊರಗಜ್ಜನ ಕಟ್ಟೆಗೆ ಬರುವವರು ನಮ್ಮ ಜಗಲಿಗೂ ಬರಲಿ. ಒಂದು ಲೋಟ ನೀರು ಕುಡಿಯಲಿ. ಆಮೇಲೆ ಭಕ್ತಿಯ ಮಾತು ಆಡೋಣ.

ಮಣಿಪಾಲ ಹಾಸ್ಟೆಲ್:
ನನ್ನ ರೂಮ್‌ಮೇಟ್ ಮಿಜೋರಾಂನವಳು. ಬಸ್‌ಸ್ಟ್ಯಾಂಡಲ್ಲಿ ಅವಳನ್ನು ನೋಡಿ "ಚೈನಾ, ಚೈನಾ" ಅಂದದ್ದು ಐದಾರು ವರ್ಷದ ಹುಡುಗ. ಪಕ್ಕದಲ್ಲಿದ್ದ ಅಪ್ಪ ನಕ್ಕರು. ಗುಬ್ಬಿಗೂಡು ಅಕ್ಕ, ನಿಮ್ಮ ಊಟದ ಹೊತ್ತಿನ ನಗು ಓದಿದಾಗ ಅದೇ ನೆನಪಾಯಿತು.

ರಥಬೀದಿ ಹಳಬ:
ಬುಟ್ಟಿಮನೆಯವರೇ, ನಾನು ಯಾವಾಗಲೂ ವೇಷದವರನ್ನೇ ನೋಡಿದೆ. ಬುಟ್ಟಿ ಹೊತ್ತು ನಿಂತವರ ಕಡೆ ತಿರುಗಿ ನೋಡಿರಲಿಲ್ಲ. ಈ ಮಾತನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಹರಕೆ ತಪ್ಪುವುದು ಆ ಅಜ್ಜಿಗೆ ಸಣ್ಣ ವಿಷಯ ಅಲ್ಲ. ಅವರನ್ನು ಗದರಿಸಬೇಡಿ.

ಬುಟ್ಟಿಮನೆ:
ಗದರಿಸುವುದು ಬೇಡ. ಹರಕೆ ನಿಜವಾಗಿ ಏನಿತ್ತು ಅಂತ ಕೇಳಿ ನೋಡಿ.

ಗುಬ್ಬಿಗೂಡು, ಉಡುಪಿ:
ಕೇಳಿದೆ. ಮೊದಲು ಬುಟ್ಟಿಮನೆಯಣ್ಣ ಬರೆದದ್ದನ್ನು ಓದಿ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. "ನಿನ್ನ ಮಾವ ಕೆಟ್ಟವರಾಗಿರಲಿಲ್ಲ" ಅಂದರು. ಹೌದು ಅಂದೆ. ತುಂಬಾ ಹೊತ್ತಾದ ಮೇಲೆ ಅವರೇ ಹೇಳಿದರು: "ವೇಷ ಅಂತ ಮಾತ್ರ ಬೇಡಿಕೊಂಡದ್ದು. ಯಾವ ವೇಷ ಅಂತ ದೇವರಿಗೆ ಹೇಳಿರಲಿಲ್ಲ." ಮಗಳು ಹುಲಿ ವೇಷ ಬೇಕು ಅಂದಳು. ಈಗ ಹುಡುಗಿಯರೂ ಹಾಕ್ತಾರಲ್ಲ. ನಾದಿನಿ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನಿನ್ನೆ ರಾತ್ರಿ ಮಗಳ ಮೊಣಕೈಗೆ ತೆಂಗಿನೆಣ್ಣೆ ಹಚ್ಚುತ್ತಿದ್ದೆ. "ಹುಲಿ ಬಣ್ಣ ತೆಗೆದ್ಮೇಲೆ ನಾನು ಮತ್ತೆ ಹೀಗೇ ಇರ್ತೇನಲ್ವಾ?" ಅಂತ ಕೇಳಿದಳು. ಹೌದು, ಹೀಗೇ ಇರ್ತೀ ಅಂದೆ. ಸ್ವಲ್ಪ ಹೊತ್ತು ಕೈ ನೋಡಿಕೊಂಡಳು. ಆಮೇಲೆ ಇನ್ನೊಂದು ಮೊಣಕೈ ಮುಂದೆ ಮಾಡಿದಳು.