"ಎಲ್ಲರೂ ಓದಿ" ಎಂದರೆ ಯಾರು ಓದಬೇಕು?

ಗುಂಪು: ಗಂಗಾವತಿ ಮನೆಯವರು

ರೂಪಾ: (ನಾಯಿಗಳ ಬೊಜ್ಜಿನ ಬಗ್ಗೆ ಬಂದ ಪತ್ರಿಕಾ ಲೇಖನದ ಚಿತ್ರ) ಎಲ್ಲರೂ ಓದಿ.

ಬಸಣ್ಣ ಕಾಕಾ: ಎಲ್ಲರೂ ಯಾಕೆ ತಾಯಿ? ಈ ಗುಂಪಿನಲ್ಲಿ ನಾಯಿ ಸಾಕಿರುವವನು ನಾನೊಬ್ಬನೇ.

ರೂಪಾ: ಹಾಗಾದರೆ ನೀವೇ ಓದಿ ಕಾಕಾ.

ಬಸಣ್ಣ ಕಾಕಾ: ಲ್ಯಾಬ್ರಡಾರ್ ಮೈ ಇರುವುದೇ ಹಾಗೆ. ನಮ್ಮ ರಾಜಾ ಮುಧೋಳ ನಾಯಿಯಂತೆ ಪಕ್ಕೆಲುಬು ತೋರಿಸಿಕೊಂಡು ತಿರುಗಬೇಕೇ?

ರೂಪಾ: ಕಣ್ಣಿಗೆ ಕಾಣುವುದು ಬೇಡ, ಕೈಗೆ ಸಿಗಬೇಕು. ಪಕ್ಕೆ ಸವರಿದರೆ ಎಲುಬು ಒಂದೊಂದಾಗಿ ಬೆರಳಿಗೆ ತಾಕಬೇಕು. ಯುಗಾದಿಗೆ ಬಂದಾಗ ಒತ್ತಿ ನೋಡಿದೆ, ಒಂದೂ ಸಿಗಲಿಲ್ಲ. ಮೇಲಿನಿಂದ ನೋಡಿದರೆ ಅವನಿಗೆ ಸೊಂಟವೇ ಇಲ್ಲ.

ಶಾಂತಾ ಅತ್ತೆ: ತಿನ್ನುವ ಪ್ರಾಣಿಯ ಮೇಲೆ ಕಣ್ಣು ಹಾಕಬೇಡಿರೇ, ದೃಷ್ಟಿಯಾಗುತ್ತದೆ.

ಮಂಜು: ದೃಷ್ಟಿಗಿಂತ ನಮ್ಮೂರ ಬಿಸಿಲು ದೊಡ್ಡದು ಅತ್ತೆ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಕೊಬ್ಬು ಕಾವನ್ನು ಒಳಗೇ ಹಿಡಿದಿಡುತ್ತದೆ, ಉಸಿರಾಟಕ್ಕೂ ಅಡ್ಡ ಬರುತ್ತದೆ.

ಬಸಣ್ಣ ಕಾಕಾ: ಅದಕ್ಕೇ ಅವನಿಗೆ ಬೇರೆ ಕೂಲರ್ ಇದೆ. ಕರೆಂಟ್ ಬಿಲ್ ಕಳುಹಿಸಲೇ?

ರೂಪಾ: ಕೂಲರ್ ಗಾಳಿಗೆ ಮೊಣಕಾಲು ಸರಿಹೋಗುವುದಿಲ್ಲ. ಜೀಪು ಹತ್ತಲು ಅವನ ಹಿಂಗಾಲನ್ನು ನೀವೇ ಎತ್ತಿ ಕೊಡುತ್ತಿದ್ದಿರಿ. ಭಾರ ಹೆಚ್ಚಿದಷ್ಟೂ ಕೀಲಿನ ಬೇನೆ ಹೆಚ್ಚು, ಮೊಣಕಾಲಿನ ಎಲುಬುಗಳನ್ನು ಹಿಡಿದಿಡುವ ಅಸ್ಥಿರಜ್ಜು ಹರಿಯುವ ಭಯವೂ ಹೆಚ್ಚು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಿಮೆ ಊಟ ಹಾಕಿ, ಬದುಕಿರುವವರೆಗೂ ಗಮನಿಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಹೊಟ್ಟೆತುಂಬ ತಿಂದವುಗಳಲ್ಲಿ ಅರ್ಧದಷ್ಟು 11.2 ವರ್ಷದೊಳಗೆ ಸತ್ತಿದ್ದವು. ಕಡಿಮೆ ತಿಂದವುಗಳಲ್ಲಿ ಆ ಗಡಿ 13 ವರ್ಷ.

ಬಸಣ್ಣ ಕಾಕಾ: ಎರಡು ವರ್ಷದ ಆಸೆಗೆ ಹನ್ನೊಂದು ವರ್ಷ ಉಪವಾಸ ಕೆಡವಬೇಕೇ? ನಿನ್ನ ಲೆಕ್ಕ ನಿನಗೇ ಇರಲಿ. ತಟ್ಟೆ ನೆಕ್ಕಿದ ಮೇಲೂ ಅವನು ನನ್ನ ಮುಖ ನೋಡುತ್ತಾನೆ.

ರೂಪಾ: ನೋಡೇ ನೋಡುತ್ತಾನೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವು ತಣಿಸುವ ಜೀನ್ ಒಂದರಲ್ಲಿ ದೋಷವಿದೆ ಎಂದು ಕೇಂಬ್ರಿಡ್ಜ್‌ನವರು 2016ರಲ್ಲೇ ತೋರಿಸಿದ್ದಾರೆ.

ಬಸಣ್ಣ ಕಾಕಾ: ನೋಡಿದಿರಾ! ಹುಟ್ಟುಗುಣ ಎಂದು ಅವಳೇ ಒಪ್ಪಿಕೊಂಡಳು.

ಗಿರಿಜಾ ಕಾಕಿ: ಹುಟ್ಟುಗುಣ ಸರಿ, ಬಿಸ್ಕತ್ತು ಯಾರದು? ಬೆಳಿಗ್ಗೆ ಚಹಾದ ಹೊತ್ತಿಗೆ ಅರ್ಧ ಪೊಟ್ಟಣ ಇವರ ಕೈಯಿಂದಲೇ ಹೋಗುತ್ತದೆ. ಸಂಜೆ ಒಗ್ಗರಣೆ ಮಂಡಕ್ಕಿ, ಅದರ ಮೇಲೊಂದು ಮಿರ್ಚಿ.

ಮಂಜು: ಮಂಡಕ್ಕಿಯಲ್ಲಿ ಈರುಳ್ಳಿ ಇರುತ್ತದೆ ಕಾಕಿ! ನಾಯಿಗೆ ಅದು ವಿಷ, ರಕ್ತಕಣ ಒಡೆಯುತ್ತದೆ. ಕರಿದ ಎಣ್ಣೆಗೆ ಮೇದೋಜೀರಕ ಗ್ರಂಥಿ ಊದಿಕೊಂಡರಂತೂ ಜೀವಕ್ಕೇ ಕುತ್ತು.

ಬಸಣ್ಣ ಕಾಕಾ: ಈರುಳ್ಳಿಯ ವಿಷಯ ಲೇಖನದಲ್ಲಿ ಇಲ್ಲವಲ್ಲ.

ರೂಪಾ: ಅಂದರೆ ಓದಿದ್ದೀರಿ.

ಗಿರಿಜಾ ಕಾಕಿ: ಎರಡು ಸಲ ಓದಿದರು. ಕನ್ನಡಕ ಹುಡುಕಿ ಕೊಟ್ಟವಳು ನಾನೇ.

ರೂಪಾ: ಊಟ ಒಮ್ಮೆಲೇ ಕಡಿಯಬೇಡಿ ಕಾಕಾ. ಪಶುವೈದ್ಯರು ಮೊದಲು ಥೈರಾಯ್ಡ್ ನೋಡಲಿ, ಎಷ್ಟು ಹಾಕಬೇಕೆಂದು ಅವರೇ ಹೇಳುತ್ತಾರೆ.

ಬಸಣ್ಣ ಕಾಕಾ: ಭಾನುವಾರ ಅಕ್ಕಿ ಗಿರಣಿಯ ತಕ್ಕಡಿಯಲ್ಲಿ ತೂಗಿಸುತ್ತೇನೆ, ಅಷ್ಟೇ. ದವಾಖಾನೆಯ ಹೆಸರೆತ್ತಿದರೆ ಅವನು ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ.

ಮಂಜು: ಈಗಲೂ ಹಿಡಿಸುತ್ತಾನೆಯೇ?